ಕೈರೋಪ್ರಾಕ್ಟರ್‌ಗೆ ಸೇನೆಯಲ್ಲಿ ಅಧಿಕಾರಿ ಹುದ್ದೆ: ಕಾನೂನು ಯಾವ ದೇಶದ್ದು, ಹುದ್ದೆ ಎಲ್ಲಿದೆ?

‘ಬೆನ್ನುಮೂಳೆ ಸರಿಪಡಿಸುವ ಕೈರೋಪ್ರಾಕ್ಟರ್‌ಗಳನ್ನು ಸೇನೆಯಲ್ಲಿ ಅಧಿಕಾರಿಗಳಾಗಿ ನೇಮಿಸಲು ಕಾನೂನೇ ಇದೆ’ ಎಂಬ ಮಾತು ನಿಮ್ಮ ಮೊಬೈಲಿಗೆ ಬಂದರೆ, ಅದನ್ನು ಪೂರ್ತಿ ಸುಳ್ಳು ಎನ್ನಲು ಬರುವುದಿಲ್ಲ. ಅಂಥದೊಂದು ಕಾನೂನು ನಿಜಕ್ಕೂ ಇದೆ. ಆದರೆ ಅದು ಅಮೆರಿಕದ್ದು. ಅಲ್ಲಿಯೂ ಆ ಕಾನೂನಿನಿಂದ ಕೈರೋಪ್ರಾಕ್ಟರ್‌ಗಳ ಹೆಗಲಿಗೆ ಸ್ಟಾರ್ ಏರಿಲ್ಲ.

ಇದು ದೂರದ ಸಂಗತಿ ಅನಿಸಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ಇದಕ್ಕೆ ತಾಗುವ ಎರಡು ವಿಷಯಗಳಿವೆ. ಮೊದಲನೆಯದು, ಮಗನೋ ಮಗಳೋ ಸೇನೆ ಸೇರಬೇಕೆಂಬ ಆಸೆ. ವಿಜಯಪುರದ ಸೈನಿಕ ಶಾಲೆ ಆರಂಭವಾದದ್ದು 1963ರಲ್ಲಿ. ಮೂರು ತಲೆಮಾರಿನಿಂದ ಈ ಜಿಲ್ಲೆಯವರು ಆ ಸಮವಸ್ತ್ರವನ್ನು ಹತ್ತಿರದಿಂದ ಕಂಡಿದ್ದಾರೆ. ಎರಡನೆಯದು ಟೊಂಕನೋವು. ಬಗ್ಗಿ ತೊಗರಿ ಕೊಯ್ಯುವವರು, ನಿಂಬೆ ತೋಟದಲ್ಲಿ ಕೆಲಸ ಮಾಡುವವರು, ಕಬ್ಬು ಕಡಿಯಲು ಹೋಗುವವರು, ದಿನವಿಡೀ ಟಂಟಂ ಓಡಿಸುವವರು, ಯಾರನ್ನು ಕೇಳಿದರೂ ಟೊಂಕದ ಮಾತು ಬಂದೇ ಬರುತ್ತದೆ. ಆಸೆ ಮತ್ತು ನೋವು ಎರಡೂ ಇರುವ ಕಡೆ ಅರ್ಧ ಸತ್ಯ ಬೇಗ ಹರಡುತ್ತದೆ. ಅದಕ್ಕೇ ಈ ವಿಷಯವನ್ನು ಬಿಡಿಸಿ ನೋಡೋಣ.

ಒಂದೇ ನೋಟದಲ್ಲಿ

• ಅಮೆರಿಕದಲ್ಲಿ 1992ರ ಕಾನೂನು ಕೈರೋಪ್ರಾಕ್ಟರ್‌ಗಳನ್ನು ಸೇನಾ ಅಧಿಕಾರಿಗಳಾಗಿ ‘ನೇಮಿಸಬಹುದು’ ಎಂದಿತು. ‘ನೇಮಿಸಲೇಬೇಕು’ ಎನ್ನಲಿಲ್ಲ.
• ಅಲ್ಲಿನ ಸೇನಾ ಆಸ್ಪತ್ರೆಗಳಲ್ಲಿ ಕೈರೋಪ್ರಾಕ್ಟರ್‌ಗಳು ಇದ್ದಾರೆ. ಅವರು ಗುತ್ತಿಗೆಯವರು ಅಥವಾ ನಾಗರಿಕ ಸಿಬ್ಬಂದಿ.
• ಭಾರತದಲ್ಲಿ ಅಂಥ ಕಾನೂನೂ ಇಲ್ಲ, ಹುದ್ದೆಯೂ ಇಲ್ಲ.
• ಬೆನ್ನು ನೀವಿ ಒತ್ತುವ ಚಿಕಿತ್ಸೆಯಿಂದ ಕೆಲವರ ಟೊಂಕನೋವಿಗೆ ಸ್ವಲ್ಪ ಆರಾಮ ಸಿಗಬಹುದು. ಕುತ್ತಿಗೆಯನ್ನು ಝಟ್ಟನೆ ತಿರುಗಿಸುವುದರಲ್ಲಿ ಅಪಾಯವಿದೆ.

ಕೈರೋಪ್ರಾಕ್ಟಿಕ್ ಎಂದರೇನು?

ಬೆನ್ನು, ಕುತ್ತಿಗೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಕೊಡುವ ಚಿಕಿತ್ಸೆಯೇ ಕೈರೋಪ್ರಾಕ್ಟಿಕ್. ಯೂಟ್ಯೂಬ್, ರೀಲ್ಸ್‌ಗಳಲ್ಲಿ ‘ಲಟಕ್’ ಎಂಬ ಸದ್ದಿನೊಡನೆ ಬರುವ ವಿಡಿಯೋಗಳು ಇದರವೇ. ಇದನ್ನು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡಿ. ಡಿ. ಪಾಮರ್ ಎಂಬುವವರು ಆರಂಭಿಸಿದರು. ಬೆನ್ನುಮೂಳೆಯ ಮಣಿಗಳು ಜಾಗ ತಪ್ಪುವುದೇ ಬಹುಪಾಲು ರೋಗಗಳಿಗೆ ಮೂಲ ಎಂಬುದು ಅವರ ನಂಬಿಕೆಯಾಗಿತ್ತು. ವಿಜ್ಞಾನ ಆ ನಂಬಿಕೆಯನ್ನು ಒಪ್ಪಿಲ್ಲ. ಈಗಿನ ಬಹಳಷ್ಟು ಕೈರೋಪ್ರಾಕ್ಟರ್‌ಗಳು ಅಷ್ಟು ದೊಡ್ಡ ಮಾತು ಆಡುವುದಿಲ್ಲ. ಬೆನ್ನು ಮತ್ತು ಕುತ್ತಿಗೆ ನೋವಿಗಷ್ಟೇ ಚಿಕಿತ್ಸೆ ಕೊಡುತ್ತಾರೆ.

ನಮ್ಮ ಊರುಗಳಿಗೂ ಇಂಥದ್ದು ಹೊಸದೇನಲ್ಲ. ಉಳುಕು ತೆಗೆಯುವವರು, ಎಲುಬು ಕಟ್ಟುವ ನಾಟಿ ವೈದ್ಯರು ಇಲ್ಲದ ಹೋಬಳಿ ಸಿಗುವುದು ಕಷ್ಟ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ತಾಗಿಸಿದರೆ ಟೊಂಕದ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಇದೆ. ಹುಟ್ಟಿದ ರೀತಿಗೂ ಟೊಂಕನೋವಿಗೂ ಸಂಬಂಧವಿಲ್ಲ. ಆದರೂ ‘ಬಿಟ್ಟಿತು’ ಅನಿಸುವುದೇಕೆ? ದಿಢೀರನೆ ಹಿಡಿದ ಟೊಂಕ ಹೆಚ್ಚಿನವರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೋವು ಇಳಿಯುವ ಹೊತ್ತಿಗೆ ಯಾರು ಕೈ ಇಟ್ಟಿದ್ದರೋ ಹೆಸರು ಅವರಿಗೆ ಹೋಗುತ್ತದೆ.

ಅಮೆರಿಕದ ಕಾನೂನು ಹೇಳಿದ್ದೇನು?

ಎರಡು ಮಹಾಯುದ್ಧಗಳಲ್ಲೂ ಕೈರೋಪ್ರಾಕ್ಟರ್‌ಗಳು ಅಮೆರಿಕದ ಸೇನೆಯಲ್ಲಿದ್ದರು, ಆದರೆ ಕೈರೋಪ್ರಾಕ್ಟರ್ ಎಂಬ ಹುದ್ದೆಯಲ್ಲಿ ಅಲ್ಲ. ಆಮೇಲೆ ಅವರ ಸಂಘಟನೆಗಳು ದಶಕಗಳ ಕಾಲ ಒಂದೇ ಬೇಡಿಕೆ ಇಟ್ಟವು: ದಂತವೈದ್ಯರಿಗೆ, ದಾದಿಯರಿಗೆ ಇರುವಂತೆ ನಮಗೂ ಅಧಿಕಾರಿ ದರ್ಜೆ ಕೊಡಿ.

1992ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಅವರು ಸಹಿ ಹಾಕಿದ ರಕ್ಷಣಾ ಅನುಮೋದನೆ ಕಾಯ್ದೆಯಲ್ಲಿ ಈ ಬೇಡಿಕೆಗೆ ಜಾಗ ಸಿಕ್ಕಿತು. ಅರ್ಹ ಕೈರೋಪ್ರಾಕ್ಟರ್‌ಗಳನ್ನು ಅಧಿಕಾರಿಗಳಾಗಿ ನೇಮಿಸಬಹುದು ಎಂದಿತು ಕಾಯ್ದೆ. ಫಾರ್ವರ್ಡ್‌ಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಕಥೆ ಮುಂದೆ ಇದೆ.

‘ಬಹುದು’ ಎಂದರೆ ಬಾಗಿಲಿನ ಚಿಲಕ ತೆಗೆದಂತೆ ಅಷ್ಟೆ. ಒಳಗೆ ಕರೆದು ಕೂರಿಸಬೇಕಾದವರು ಸೇನೆಯವರು. ಎಷ್ಟು ಹುದ್ದೆ, ಯಾವ ಅರ್ಹತೆ, ಯಾವ ಕೋರ್, ಎಷ್ಟು ಸಂಬಳ ಎಂಬ ನಿಯಮಗಳನ್ನು ಅವರೇ ಬರೆಯಬೇಕು. ಅಮೆರಿಕದ ರಕ್ಷಣಾ ಇಲಾಖೆ ಆ ಹುದ್ದೆಯನ್ನು ಕಟ್ಟಲಿಲ್ಲ. ಯುದ್ಧಭೂಮಿಗೆ ಕಳುಹಿಸುವ ವೈದ್ಯಕೀಯ ಅಧಿಕಾರಿ ಗಾಯ, ರಕ್ತಸ್ರಾವ, ಸೋಂಕು ಎಲ್ಲವನ್ನೂ ನೋಡಬೇಕು. ಬೆನ್ನಿಗೆ ಮಾತ್ರ ಚಿಕಿತ್ಸೆ ಕೊಡುವವರನ್ನು ಆ ಸಾಲಿನಲ್ಲಿ ಹೇಗೆ ನಿಲ್ಲಿಸುವುದು ಎಂಬ ಪ್ರಶ್ನೆ ಹಿಂದೆಯೂ ಇತ್ತು, ಈಗಲೂ ಇದೆ.

ಆಮೇಲೆ ಅಲ್ಲಿನ ಸಂಸತ್ತು ಬೇರೆ ದಾರಿ ಹಿಡಿಯಿತು. 1995ರಿಂದ ಕೆಲವು ಸೇನಾ ಆಸ್ಪತ್ರೆಗಳಲ್ಲಿ ಕೈರೋಪ್ರಾಕ್ಟಿಕ್ ಸೇವೆಯನ್ನು ಪ್ರಾಯೋಗಿಕವಾಗಿ ನಡೆಸಿ ನೋಡಲಾಯಿತು. 2001ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯ ನಂತರ ಅದು ಕಾಯಂ ಸೌಲಭ್ಯವಾಯಿತು. ಆದರೆ ಆಯ್ದ ಆಸ್ಪತ್ರೆಗಳಲ್ಲಿ ಮಾತ್ರ, ಕರ್ತವ್ಯದಲ್ಲಿರುವ ಯೋಧರಿಗೆ ಮಾತ್ರ. ಚಿಕಿತ್ಸೆ ಕೊಡುವವರು ಗುತ್ತಿಗೆಯ ಮೇಲೆ ಅಥವಾ ನಾಗರಿಕ ಸಿಬ್ಬಂದಿಯಾಗಿ ಕೆಲಸ ಮಾಡುತ್ತಾರೆ. ಸೇವೆ ಒಳಗೆ ಬಂತು, ದರ್ಜೆ ಹೊರಗೇ ಉಳಿಯಿತು.

ಆಸ್ಟಿಯೋಪಥಿಯವರಿಗೆ ಹೇಗೆ ಸಿಕ್ಕಿತು?

ಅದೇ ಅಮೆರಿಕದಲ್ಲಿ ಆಸ್ಟಿಯೋಪಥಿ ಎಂಬ ಇನ್ನೊಂದು ಪದ್ಧತಿಯವರಿಗೆ ಅಧಿಕಾರಿ ಹುದ್ದೆ ಸಿಕ್ಕಿದೆ. ಆಸ್ಟಿಯೋಪಥಿಯೂ 19ನೇ ಶತಮಾನದ ಕೊನೆಯಲ್ಲಿ ಎಲುಬು, ಕೀಲುಗಳನ್ನು ನೀವುವ ಪದ್ಧತಿಯಾಗಿಯೇ ಹುಟ್ಟಿದ್ದು. 1956ರಲ್ಲಿ ಅವರಿಗೂ ‘ನೇಮಿಸಬಹುದು’ ಎಂಬ ಕಾನೂನು ಬಂತು. 10 ವರ್ಷ ಅದೂ ಕಾಗದದ ಮೇಲೆಯೇ ಇತ್ತು. ವಿಯೆಟ್ನಾಂ ಯುದ್ಧದ ಹೊತ್ತಿಗೆ ವೈದ್ಯರ ಅಗತ್ಯ ಹೆಚ್ಚಾಯಿತು. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಆದೇಶ ಹೊರಡಿಸಿದ ಮೇಲೆ ಬಾಗಿಲು ತೆರೆಯಿತು.

ಅಷ್ಟರಲ್ಲಿ ಅಮೆರಿಕದ ಆಸ್ಟಿಯೋಪಥಿ ಕಾಲೇಜುಗಳು ಔಷಧ, ಶಸ್ತ್ರಚಿಕಿತ್ಸೆ, ಹೆರಿಗೆ ಎಲ್ಲವನ್ನೂ ಕಲಿಸುವ ಪೂರ್ಣ ವೈದ್ಯಕೀಯ ಕಾಲೇಜುಗಳಾಗಿದ್ದವು. ಇಂದು ಅಲ್ಲಿ ಆ ಪದವಿ ಪಡೆದವರು ಎಂ.ಡಿ. ಆದವರಷ್ಟೇ ಪೂರ್ಣ ವೈದ್ಯರು. ಕೈರೋಪ್ರಾಕ್ಟಿಕ್ ಆ ದಾರಿಯಲ್ಲಿ ಹೋಗಲಿಲ್ಲ. ಕಾನೂನಿನ ಮಾತು ಎರಡಕ್ಕೂ ಒಂದೇ ಆಗಿದ್ದರೂ ಓದಿನ ವ್ಯಾಪ್ತಿ ಬೇರೆಯಾಗಿತ್ತು, ಸೇನೆ ನೋಡಿದ್ದು ಅದನ್ನು.

ಭಾರತದ ಸೇನೆಯಲ್ಲಿ ಯಾರಿಗೆ ಅಧಿಕಾರಿ ದರ್ಜೆ?

ನಮ್ಮಲ್ಲಿ ಒಂದೊಂದು ವೃತ್ತಿಗೂ ಸಂಸತ್ತು ಬೇರೆ ಬೇರೆ ಕಾನೂನು ಮಾಡುವುದಿಲ್ಲ. 1950ರ ಸೇನಾ ಕಾಯ್ದೆಯ 10ನೇ ಕಲಂ ಪ್ರಕಾರ ಅಧಿಕಾರಿಯ ಕಮಿಷನ್ ಕೊಡುವವರು ರಾಷ್ಟ್ರಪತಿ. ಯಾರು ಅರ್ಜಿ ಹಾಕಬಹುದು ಎಂಬುದನ್ನು ಸರ್ಕಾರ ಹೊರಡಿಸುವ ಅಧಿಸೂಚನೆ ಹೇಳುತ್ತದೆ.

ಆರೋಗ್ಯ ಸೇವೆಗೆ ಸಂಬಂಧಿಸಿದಂತೆ ಬಾಗಿಲುಗಳು ಹೀಗಿವೆ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ವೈದ್ಯಾಧಿಕಾರಿ ಆಗಲು ಎಂಬಿಬಿಎಸ್ ಮತ್ತು ವೈದ್ಯಕೀಯ ನೋಂದಣಿ ಬೇಕು. ಈ ಕೋರ್ ರೂಪುಗೊಂಡದ್ದು 1943ರ ಏಪ್ರಿಲ್ 3ರಂದು. 1941ರಲ್ಲಿ ಆರಂಭವಾದ ಆರ್ಮಿ ಡೆಂಟಲ್ ಕೋರ್‌ಗೆ ದಂತವೈದ್ಯ ಪದವಿ ಬೇಕು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ನರ್ಸಿಂಗ್ ಓದಿದ ಮಹಿಳೆಯರು ಅಧಿಕಾರಿ ದರ್ಜೆಯಲ್ಲೇ ಸೇವೆ ಸಲ್ಲಿಸುತ್ತಾರೆ. ಕುದುರೆ, ನಾಯಿ, ಹೇಸರಗತ್ತೆಗಳನ್ನು ನೋಡಿಕೊಳ್ಳುವ ಪಶುವೈದ್ಯರಿಗೂ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನಲ್ಲಿ ಕಮಿಷನ್ ಇದೆ. ಈ ಪಟ್ಟಿಯಲ್ಲಿ ಕೈರೋಪ್ರಾಕ್ಟರ್ ಇಲ್ಲ.

‘ಆಯುರ್ವೇದವನ್ನು ಸೇನೆ ಒಪ್ಪಿಕೊಂಡಿದೆಯಲ್ಲ?’ ಎಂಬ ಪ್ರಶ್ನೆ ಇದರ ಹಿಂದೆಯೇ ಬರುತ್ತದೆ. 2022ರ ಮೇ 1ರಿಂದ ದೇಶದ 37 ಕಂಟೋನ್ಮೆಂಟ್ ಆಸ್ಪತ್ರೆಗಳಲ್ಲಿ ಆಯುರ್ವೇದ ಕೇಂದ್ರಗಳನ್ನು ತೆರೆಯಲು ರಕ್ಷಣಾ ಸಚಿವಾಲಯ ನಿರ್ಧರಿಸಿತು; ಆ ಪಟ್ಟಿಯಲ್ಲಿ ನಮ್ಮ ಬೆಳಗಾವಿಯೂ ಇದೆ. ಅದು ನಿಜ. ಆದರೆ ಕಂಟೋನ್ಮೆಂಟ್ ಆಸ್ಪತ್ರೆಯಲ್ಲಿ ಒಂದು ಕೇಂದ್ರ ತೆರೆಯುವುದು ಬೇರೆ, ಅಲ್ಲಿ ಕೂತವರಿಗೆ ಸೇನಾ ಕಮಿಷನ್ ಸಿಗುವುದು ಬೇರೆ. ಅಮೆರಿಕದ ಕಥೆಯಲ್ಲಿ ಕಂಡದ್ದೂ ಇದೇ ವ್ಯತ್ಯಾಸ.

ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ

ಈ ಅರ್ಧ ಸತ್ಯದಿಂದ ನಿಜವಾದ ನಷ್ಟ ಆಗಬಹುದಾದದ್ದು ಇಲ್ಲಿ. ‘ಮೂರು ತಿಂಗಳ ಕೈರೋಪ್ರಾಕ್ಟಿಕ್ ಸರ್ಟಿಫಿಕೇಟ್ ಮಾಡಿ, ಸೇನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಅವಕಾಶ’ ಎಂದು ಯಾರಾದರೂ ಹೇಳಿದರೆ, ಜೇಬಿಗೆ ಕೈ ಹಾಕುವ ಮೊದಲು ಮೂರು ವಿಷಯ ನೆನಪಿರಲಿ.

ಒಂದು, ಕೈರೋಪ್ರಾಕ್ಟಿಕ್‌ಗೆ ಭಾರತದಲ್ಲಿ ಕಾನೂನಿನಿಂದ ರಚಿಸಿದ ಪ್ರತ್ಯೇಕ ಮಂಡಳಿಯಾಗಲಿ ನೋಂದಣಿ ಪುಸ್ತಕವಾಗಲಿ ಇಲ್ಲ. ಬ್ರಿಟನ್‌ನಲ್ಲಿ ಇದಕ್ಕೆಂದೇ 1994ರ ಕಾಯ್ದೆ ಇದೆ, ನಮ್ಮಲ್ಲಿ ಹಾಗಿಲ್ಲ. 2021ರಲ್ಲಿ ಸಂಸತ್ತು ಒಪ್ಪಿದ ಸಹ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ವೃತ್ತಿಗಳನ್ನು 10 ಗುಂಪುಗಳಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ ಫಿಸಿಯೋಥೆರಪಿಗೆ ತನ್ನದೇ ಗುಂಪು ಇದೆ, ಕೈರೋಪ್ರಾಕ್ಟಿಕ್‌ಗೆ ಇಲ್ಲ.

ಎರಡು, ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಪೂರ್ಣ ಕೈರೋಪ್ರಾಕ್ಟಿಕ್ ಶಿಕ್ಷಣಕ್ಕೆ ನಾಲ್ಕು ವರ್ಷಗಳಲ್ಲಿ ಕನಿಷ್ಠ 4,200 ಗಂಟೆಗಳ ಪಾಠ ಬೇಕು. ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ತರಬೇತಿಯೇ ಕನಿಷ್ಠ 1,000 ಗಂಟೆ ಇರಬೇಕು. ವಾರಾಂತ್ಯದ ಕೋರ್ಸನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಮೂರು, ನೋಂದಣಿ ಇಲ್ಲದೆ ವೈದ್ಯ ವೃತ್ತಿ ನಡೆಸುವುದು ಅಪರಾಧ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯಲ್ಲಿ ಇದಕ್ಕೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಸರ್ಟಿಫಿಕೇಟ್ ಮಾರಿದವರು ಆಗ ಜೊತೆಗೆ ಬರುವುದಿಲ್ಲ.

ಸೇನೆಯಲ್ಲಿ ಆರೋಗ್ಯ ಕ್ಷೇತ್ರದ ಕೆಲಸ ಬೇಕೆನ್ನುವ ಮಕ್ಕಳಿಗೆ ನೇರ ದಾರಿಗಳು ಸಾಕಷ್ಟಿವೆ. ಪಿಯುಸಿ ವಿಜ್ಞಾನ ಓದಿ ನೀಟ್ ಬರೆದವರಿಗೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಇದೆ. ಹೆಣ್ಣುಮಕ್ಕಳಿಗೆ ಮಿಲಿಟರಿ ನರ್ಸಿಂಗ್ ಇದೆ. ಅಧಿಕಾರಿ ದರ್ಜೆ ಅಲ್ಲದಿದ್ದರೂ ಪಿಯುಸಿ ವಿಜ್ಞಾನದವರಿಗೆ ನರ್ಸಿಂಗ್ ಅಸಿಸ್ಟೆಂಟ್, ಫಾರ್ಮಸಿ ಓದಿದವರಿಗೆ ಸಿಪಾಯಿ ಫಾರ್ಮಾ ಎಂಬ ನೇಮಕಾತಿಗಳು ನಡೆಯುತ್ತವೆ. ಇವುಗಳ ಅಧಿಸೂಚನೆ ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಬರುತ್ತದೆ. ‘ಒಳಗಿನವರ ಪರಿಚಯವಿದೆ, ಇಷ್ಟು ಕೊಟ್ಟರೆ ಆಗುತ್ತದೆ’ ಎನ್ನುವವರು ಸಿಕ್ಕರೆ ಅವರು ದಲ್ಲಾಳಿಗಳು. ಪೊಲೀಸ್ ಠಾಣೆಗೆ ತಿಳಿಸಿ.

ಸೇನೆ ಬಳಸುತ್ತದೆ ಎಂದರೆ ಚಿಕಿತ್ಸೆ ಖಚಿತವೇ?

ಹಾಗೇನೂ ಇಲ್ಲ. ಚಿಕಿತ್ಸೆಗೆ ಗುಣ ಇದೆಯೇ ಎಂಬುದನ್ನು ಪ್ರಯೋಗ ಹೇಳಬೇಕು, ಸಮವಸ್ತ್ರವಲ್ಲ. ಆ ಪ್ರಯೋಗಗಳೂ ನಡೆದಿವೆ.

ಅಮೆರಿಕದ ಮೂರು ಸೇನಾ ಆಸ್ಪತ್ರೆಗಳಲ್ಲಿ ಟೊಂಕನೋವಿನ 750 ಯೋಧರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ವೈದ್ಯಕೀಯ ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ ಕೈರೋಪ್ರಾಕ್ಟಿಕ್. ಆರು ವಾರಗಳ ನಂತರ ಎರಡನೇ ಗುಂಪಿನವರ ನೋವು ಮತ್ತು ಓಡಾಟದ ತೊಂದರೆ ಸ್ವಲ್ಪ ಮಟ್ಟಿಗೆ ಹೆಚ್ಚು ಇಳಿದಿತ್ತು. ಇದು ಗಮನಿಸಬೇಕಾದ ಫಲಿತಾಂಶ. ಆದರೆ ಹೆಚ್ಚು ಗಮನ, ಹೆಚ್ಚು ಭೇಟಿ ಪಡೆದವರಿಗೆ ಅದರಿಂದಲೂ ಆರಾಮ ಅನಿಸಬಹುದು. 2019ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆ ಬಂತು. ಹಳೆಯ ಟೊಂಕನೋವಿಗೆ ಕೈಯಿಂದ ಒತ್ತುವ ಚಿಕಿತ್ಸೆ, ವ್ಯಾಯಾಮದಂತಹ ಶಿಫಾರಸಾದ ಇತರ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತದೆ ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಹಳೆಯ ಟೊಂಕನೋವಿಗೆ ತಿಳಿವಳಿಕೆ, ವ್ಯಾಯಾಮಗಳ ಜೊತೆ ಇದನ್ನು ಒಂದು ಆಯ್ಕೆಯಾಗಿ ಇಟ್ಟಿದೆ. ಸೊಂಟಪಟ್ಟಿ ಮತ್ತು ಬೆನ್ನು ಎಳೆಯುವ ಟ್ರ್ಯಾಕ್ಷನ್ ಬೇಡ ಎಂದಿದೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮಕ್ಕಳ ಉಬ್ಬಸ ಬೆನ್ನು ಒತ್ತಿದರೆ ಹೋಗುತ್ತದೆ ಎನ್ನಲು ಮಾತ್ರ ಆಧಾರವಿಲ್ಲ.

ಮತ್ತೆ ಆ ‘ಲಟಕ್’ ಸದ್ದು? ಅದು ಎಲುಬು ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಅನಿಲದ ಪೊಳ್ಳು ಉಂಟಾಗುವಾಗ ಬರುವ ಸದ್ದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ಲಟಿಕೆ ಮುರಿಯುವುದನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿ ಇದನ್ನು ತೋರಿಸಿದರು. ಸದ್ದು ಜೋರಾಗಿದ್ದರೆ ಚಿಕಿತ್ಸೆ ಚೆನ್ನಾಗಿ ಆಯಿತು ಎಂದೇನೂ ಅಲ್ಲ.

ಕುತ್ತಿಗೆಯ ವಿಷಯದಲ್ಲಿ ಎಚ್ಚರ

ಕುತ್ತಿಗೆಯ ಮೂಲಕ ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳಿವೆ. ಕುತ್ತಿಗೆಯನ್ನು ಝಟ್ಟನೆ ತಿರುಗಿಸಿದಾಗ ಅಪರೂಪಕ್ಕೆ ಈ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿ ಭಾಗದ ಯುವಕರೊಬ್ಬರಿಗೆ ಕ್ಷೌರದ ಅಂಗಡಿಯಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುಗಿಸಿದ ಬಳಿಕ ಹೀಗಾಯಿತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಇದು ಅಪರೂಪವೇ. ಆದರೆ ಸಿಗುವ ಲಾಭ ಒಂದು ಗಳಿಗೆಯ ಹಗುರ, ಆಗಬಹುದಾದ ನಷ್ಟ ಒಂದು ಕೈ ಕಾಲು. ಕ್ಷೌರದ ಅಂಗಡಿಯಲ್ಲಿ ‘ಕುತ್ತಿಗೆ ಬೇಡಣ್ಣ’ ಎಂದು ಮೊದಲೇ ಹೇಳಿಬಿಡಿ.

ಕುತ್ತಿಗೆ ತಿರುಗಿಸಿದ ಮೇಲೆ ತೀವ್ರ ತಲೆನೋವು, ತಲೆಸುತ್ತು, ಮಾತು ತೊದಲುವುದು, ಮುಖ ಓರೆಯಾಗುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ 108ಕ್ಕೆ ಕರೆ ಮಾಡಿ. ಕಾದು ನೋಡುವುದು ಬೇಡ.

ಯಾವ ಟೊಂಕನೋವನ್ನು ಯಾರ ಕೈಗೂ ಕೊಡಬಾರದು?

ಈ ಕೆಳಗಿನ ಲಕ್ಷಣ ಇದ್ದರೆ ಉಳುಕು ತೆಗೆಸಲು, ಒತ್ತಿಸಲು ಹೋಗಬೇಡಿ. ಮೊದಲು ವೈದ್ಯರಿಗೆ ತೋರಿಸಿ.

• ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ಕೂರುವ ಜಾಗದಲ್ಲಿ ಮರಗಟ್ಟುವುದು. ಇದು ತುರ್ತು ಸ್ಥಿತಿ.
• ಕಾಲಿನ ಬಲ ಕುಗ್ಗುತ್ತಾ ಹೋಗುವುದು.
• ಬೆನ್ನುನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಬೆನ್ನುಮೂಳೆಗೂ ಟಿಬಿ ಬರುತ್ತದೆ. ಟಿಬಿಯಿಂದ ಸವೆದ ಮಣಿಯನ್ನು ಒತ್ತಿದರೆ ಅದು ಕುಸಿಯಬಹುದು.
• ಬಿದ್ದ ಮೇಲೆ, ಬೈಕ್ ಅಪಘಾತದ ಮೇಲೆ ಬಂದ ನೋವು.
• ವಯಸ್ಸಾದವರಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ ದಿಢೀರನೆ ಬಂದ ಬೆನ್ನುನೋವು. ಎಲುಬು ಟೊಳ್ಳಾಗಿರಬಹುದು.
• ಹಿಂದೆ ಕ್ಯಾನ್ಸರ್ ಆಗಿದ್ದವರ ಬೆನ್ನುನೋವು.

ನಮ್ಮ ಜಿಲ್ಲೆಯವರು ಇನ್ನೊಂದನ್ನು ಸೇರಿಸಿಕೊಳ್ಳಬೇಕು. ವಿಜಯಪುರ ಜಿಲ್ಲೆಯ ಕೆಲವು ಭಾಗಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಹಲ್ಲಿನ ಬಣ್ಣ ಕೆಡುವುದರ ಜೊತೆಗೆ ಬೆನ್ನು, ಕೀಲುಗಳು ಬಿರುಸಾಗಬಹುದು. ಆ ಬೆನ್ನನ್ನು ಯಾರು ಎಷ್ಟು ನೀವಿದರೂ ಮೂಲ ಕಾರಣ ಹೋಗುವುದಿಲ್ಲ. ಒಂದೇ ಓಣಿಯಲ್ಲಿ ಹಲವರಿಗೆ ಹಾಗಿದ್ದರೆ ಪಂಚಾಯ್ತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ.

ಹಾಗಾದರೆ ಟೊಂಕ ಹಿಡಿದಾಗ ಏನು ಮಾಡುವುದು?

ಮೇಲಿನ ಲಕ್ಷಣಗಳಿಲ್ಲದ ಸಾಮಾನ್ಯ ಟೊಂಕನೋವಿಗೆ ಹಾಸಿಗೆ ಹಿಡಿಯುವುದು ಒಳ್ಳೆಯದಲ್ಲ. ಆದಷ್ಟು ಓಡಾಡುತ್ತಿರಿ, ಬಿಸಿ ಶಾಖ ಕೊಡಿ, ಭಾರ ಎತ್ತುವುದನ್ನು ಕೆಲವು ದಿನ ಬಿಡಿ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆಯನ್ನು ನೀವೇ ತಂದು ವಾರಗಟ್ಟಲೆ ನುಂಗಬೇಡಿ. ಮೂತ್ರಪಿಂಡಕ್ಕೆ, ಹೊಟ್ಟೆಗೆ ಪೆಟ್ಟು. ನೋವು ಕೆಲವು ವಾರಗಳಲ್ಲಿ ಇಳಿಯದಿದ್ದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ತೋರಿಸಿ. ಹೆಚ್ಚಿನ ಪರೀಕ್ಷೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಇದೆ, ಎರಡು ವೈದ್ಯಕೀಯ ಕಾಲೇಜುಗಳಿವೆ. ವೈದ್ಯರು ಹೇಳಿದರೆ ಅರ್ಹ ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿತು ಮನೆಯಲ್ಲಿ ದಿನವೂ ಮಾಡಿ. ಟೊಂಕಕ್ಕೆ ಹೆಚ್ಚು ಕಾಲ ನೆರವಾಗುವುದು ಇದೇ, ಖರ್ಚೂ ಕಡಿಮೆ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

‘ಕಾನೂನು ಬಂದಿದೆ’ ಎಂಬ ಯಾವುದೇ ಸಂದೇಶಕ್ಕೂ ಈ ಪ್ರಶ್ನೆಗಳು ನಡೆಯುತ್ತವೆ. ಯಾವ ದೇಶದ ಕಾನೂನು? ಯಾವ ವರ್ಷದ್ದು? ‘ಬಹುದು’ ಎಂದಿದೆಯೋ ‘ಬೇಕು’ ಎಂದಿದೆಯೋ? ಅದರಂತೆ ಹುದ್ದೆ ತುಂಬಿದ ಅಧಿಸೂಚನೆ ಎಲ್ಲಿದೆ? ನಾಲ್ಕನೆಯದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಗುಂಪಿನಲ್ಲಿ ಹಾಕಲು ಚಿಕ್ಕದಾಗಿ ಬೇಕೆಂದರೆ ಇದನ್ನು ಕಳುಹಿಸಿ: ‘ಕೈರೋಪ್ರಾಕ್ಟರ್‌ಗಳಿಗೆ ಸೇನಾ ಅಧಿಕಾರಿ ಹುದ್ದೆ ಕೊಡಬಹುದು ಎಂಬ ಕಾನೂನು ಅಮೆರಿಕದ್ದು, 1992ರದ್ದು. ಅಲ್ಲಿಯೂ ಹುದ್ದೆ ಆಗಿಲ್ಲ, ಭಾರತದಲ್ಲಿ ಕಾನೂನೇ ಇಲ್ಲ. ಇದನ್ನು ನಂಬಿ ಕೋರ್ಸಿಗೆ ದುಡ್ಡು ಕಟ್ಟಬೇಡಿ, ಯಾರ ಕೈಗೂ ಕುತ್ತಿಗೆ ಕೊಡಬೇಡಿ.’